ಕೇಕ್ ಮಿಕ್ಸ್ ಬಾಕ್ಸಿನಿಂದ ಮಸಾಲೆ ಕುಕ್ಕಿ: ಹನ್ನೊಂದು ಬಾಕ್ಸ್ ಹಾಳು ಮಾಡಿದ ಮೇಲೆ ಸಿಕ್ಕ ಹದ

ಕಳೆದ ಕ್ರಿಸ್ಮಸ್ ರಜೆಯಲ್ಲಿ ಮಾರಲು ಕುಕ್ಕಿ ಮಾಡಿ ಇಪ್ಪತ್ತಾರು ಬಾಕ್ಸ್ ಕೇಕ್ ಮಿಕ್ಸ್, ಅಂದರೆ ಕೇಕಿಗೆ ಅಂತ ಮೈದಾ ಸಕ್ಕರೆ ಬೆರೆಸಿಟ್ಟ ರೆಡಿ ಪುಡಿ, ಖಾಲಿ ಮಾಡಿದೆ. ಬಾಕ್ಸಿಗೆ ಮೂವತ್ತು ಅಂತ ಇಟ್ಟುಕೊಂಡರೂ ಎಂಟುನೂರರ ಹತ್ತಿರ ಕುಕ್ಕಿ. ಒಂದೂ ವಾಪಸ್ ಬರಲಿಲ್ಲ, ಒಂದೂ ಕಸದ ಬುಟ್ಟಿಗೆ ಹೋಗಲಿಲ್ಲ. ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ನಮ್ಮ ಅತ್ತಿಗೆಯ ಕಾರಣಕ್ಕೆ. ಅದಕ್ಕೂ ಎರಡು ವರ್ಷ ಮೊದಲು ಅವರು ನನ್ನ ಮೊದಲ ಒಬ್ಬೆ ನೋಡಿ, "ಬಾಕ್ಸ್ ಹಿಟ್ಟಲ್ಲಿ ಕುಕ್ಕಿ ಆಗತ್ತಾ? ಸುಮ್ನೆ ದುಡ್ಡು ಹಾಳು ಮಾಡ್ತಿದ್ದೀಯ" ಅಂದಿದ್ದರು. ಅವರು ಎಲ್ಲವನ್ನೂ ಮೈದಾ, ಸಕ್ಕರೆ ತೂಗಿಯೇ ಶುರು ಮಾಡುವವರು. ಕೈ ಒಳ್ಳೆಯದು, ಒಪ್ಪುತ್ತೇನೆ. ಆದರೆ ಈ ಸಲ ಅವರೇ ಎರಡು ಡಬ್ಬಿ ಕುಕ್ಕಿ ಕಟ್ಟಿಸಿಕೊಂಡು ಹೋದರು. ದುಡ್ಡು ಕೊಡಲಿಲ್ಲ, ಅದು ಬೇರೆ ಮಾತು.

ಬೇಕಿಂಗ್ ಗೊತ್ತಿರುವವರಿಗೆ ಮೂಲ ವಿಧಾನ ಹೇಳಬೇಕಾಗಿಲ್ಲ. ಬಾಕ್ಸಿನ ಮೇಲೆ ಬರೆದ ನೀರನ್ನು ಬಿಡುವುದು, ಎಣ್ಣೆ ಅಥವಾ ಬೆಣ್ಣೆ ಹಾಕುವುದು, ಮೊಟ್ಟೆ ಕಡಿಮೆ ಮಾಡುವುದು, ಉಂಡೆ ಕಟ್ಟಿ ಬೇಯಿಸುವುದು. ಇಷ್ಟೇ. ಇದರಲ್ಲಿ ತಪ್ಪಲು ಏನಿದೆ ಅಂತ ನಾನೂ ಅಂದುಕೊಂಡಿದ್ದೆ.

ನನ್ನ ಹತ್ತಿರ ಇದ್ದದ್ದು ಒಂದು ಹಳೆಯ ಚೀಟಿ. ಯಾರೋ ಕೈಯಲ್ಲಿ ಬರೆದದ್ದು, ಎಣ್ಣೆ ಕಲೆ ಹತ್ತಿ ಅರ್ಧ ಅಳಿಸಿತ್ತು. "ಒಂದು ಬಾಕ್ಸ್ ಮಿಕ್ಸ್, ಎರಡು ಮೊಟ್ಟೆ, ಅರ್ಧ ಕಪ್ ಎಣ್ಣೆ, ಕಾಲು ಕಪ್ ಮೊಲಾಸಿಸ್, ಮಸಾಲೆ." ಮೊಲಾಸಿಸ್ ಅಂದರೆ ಸಕ್ಕರೆ ತಯಾರಿಸುವಾಗ ಉಳಿಯುವ ಕಪ್ಪು ಪಾಕ, ಕಾಕಂಬಿ. ಹಾಗೇ ಮಾಡಿದೆ. ಹಿಟ್ಟು ಕೈಗೆ ಅಂಟಿಕೊಂಡು ಉಂಡೆಯೇ ಆಗಲಿಲ್ಲ. ಚಮಚದಲ್ಲಿ ಟ್ರೇ ಮೇಲೆ ಬಿಟ್ಟೆ. ಹತ್ತು ನಿಮಿಷದ ಮೇಲೆ ಓವನ್ ತೆಗೆದರೆ ಹನ್ನೆರಡು ಕುಕ್ಕಿ ಸೇರಿ ಒಂದೇ ಹಾಳೆಯಾಗಿತ್ತು. ಅಂಚು ಕರಕಲು, ನಡುವೆ ಹಸಿ. ಅತ್ತಿಗೆ ನೋಡಿದ್ದು ಇದನ್ನೇ.

ಎರಡನೆಯ ಸಲ ಮೊಲಾಸಿಸ್ ಕಡಿಮೆ ಮಾಡಿದೆ. ಮೂರನೆಯ ಸಲ ಓವನ್ ಬಿಸಿ ಹೆಚ್ಚಿಸಿದೆ. ನಾಲ್ಕನೆಯ ಸಲ ಹಿಟ್ಟನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆ. ಸ್ವಲ್ಪ ಸುಧಾರಿಸಿತು, ಆದರೂ ಹರಡುವುದು ನಿಲ್ಲಲಿಲ್ಲ. ಐದನೆಯ ಸಲ ರೇಗಿ ಹೋಗಿ ಒಂದು ಕಪ್ ಮೈದಾ ಸುರಿದೆ. ಅದು ಹರಡಲಿಲ್ಲ, ನಿಜ. ಕಲ್ಲಾಯಿತು. ಕಾಫಿಗೆ ಅದ್ದಿದರೂ ಕಾಫಿಯೇ ಸೋಲುತ್ತಿತ್ತು.

ಕಾರಣ ಸಿಕ್ಕಿದ್ದು ತೀರಾ ಆಕಸ್ಮಿಕವಾಗಿ. ಶೆಲ್ಫ್ ಒರೆಸುವಾಗ ಎರಡು ಬಾಕ್ಸ್ ಪಕ್ಕಪಕ್ಕ ಬಂದವು. ಒಂದರ ಮೇಲೆ 432 ಗ್ರಾಂ ಅಂತ ಇತ್ತು, ಇನ್ನೊಂದರ ಮೇಲೆ 375. ಅಳತೆ ನೋಡಿದರೆ ಬಾಕ್ಸ್ ಎರಡೂ ಹೆಚ್ಚುಕಡಿಮೆ ಒಂದೇ. ಆಮೇಲೆ ಹುಡುಕಿ ನೋಡಿದಾಗ ತಿಳಿಯಿತು. ಅಮೆರಿಕದ ದೊಡ್ಡ ಬ್ರಾಂಡ್‌ಗಳ ಬಾಕ್ಸ್ ಮೊದಲು 517 ಗ್ರಾಂ ಇರುತ್ತಿತ್ತು, ಅಂದರೆ ಹದಿನೆಂಟೂಕಾಲು ಔನ್ಸ್. ಅದು ಹದಿನೈದೂಕಾಲಕ್ಕೆ, ಅಂದರೆ 432 ಗ್ರಾಂಗೆ ಇಳಿಯಿತು. ಈಗ ಕೆಲವು ಹದಿಮೂರೂಕಾಲಕ್ಕೆ, ಅಂದರೆ 375 ಗ್ರಾಂಗೆ ಬಂದಿವೆ. ನನ್ನ ಚೀಟಿ ಹಳೆಯ ಬಾಕ್ಸಿಗೆ ಬರೆದದ್ದು! 85 ಗ್ರಾಂ ಹಿಟ್ಟು ಕಾಣೆಯಾಗಿದೆ, ಮೊಟ್ಟೆ ಎಣ್ಣೆ ಮಾತ್ರ ಅಷ್ಟೇ ಇವೆ. ಸಣ್ಣ ಬಾಕ್ಸ್ ಆದರೆ 142 ಗ್ರಾಂ ಕಡಿಮೆ. ಜೊತೆಗೆ ಕಾಲು ಕಪ್ ಮೊಲಾಸಿಸ್ ಬೇರೆ. ಹರಡದೆ ಇನ್ನೇನು ಮಾಡುತ್ತದೆ?

ಅವತ್ತಿಂದ "ಒಂದು ಬಾಕ್ಸ್" ಅನ್ನುವ ಅಳತೆಯನ್ನೇ ಬಿಟ್ಟೆ. ಬಾಕ್ಸ್ ಒಡೆದು ತಕ್ಕಡಿಗೆ ಸುರಿಯುತ್ತೇನೆ. ನೂರು ಗ್ರಾಂ ಮಿಕ್ಸ್‌ಗೆ ಇಪ್ಪತ್ತು ಗ್ರಾಂ ಕಾಯಿಸಿದ ಬೆಣ್ಣೆ, ಹದಿನೈದು ಹದಿನಾರು ಗ್ರಾಂ ಮೊಟ್ಟೆ, ಐದು ಗ್ರಾಂ ಮೊಲಾಸಿಸ್, ಐದಾರು ಗ್ರಾಂ ಮೈದಾ. 432ರ ಬಾಕ್ಸಿಗೆ ಇದು ಒಂದು ಇಡೀ ಮೊಟ್ಟೆ, ಇನ್ನೊಂದು ಮೊಟ್ಟೆಯ ಹಳದಿ, ಒಂದು ದೊಡ್ಡ ಚಮಚ ಮೊಲಾಸಿಸ್ ಆಗುತ್ತದೆ. 375ರ ಬಾಕ್ಸಿಗೆ ಒಂದು ಮೊಟ್ಟೆ, ಒಂದಿಷ್ಟು ಹಳದಿ. ಬಿಳಿಯನ್ನು ಯಾಕೆ ಬಿಡುತ್ತೇನೆ ಅಂದರೆ, ಅದರಿಂದ ಕುಕ್ಕಿ ಕೇಕಿನ ಹಾಗೆ ಉಬ್ಬಿ ಒಣಗುತ್ತದೆ. ಹಳದಿ ಹಾಕಿದರೆ ಮೆತ್ತಗೆ, ಅಗಿಯುವ ಹಾಗೆ ಬರುತ್ತದೆ. ಉಳಿದ ಬಿಳಿಯನ್ನು ಫ್ರೀಜ್ ಮಾಡಿಡಿ. ಇಪ್ಪತ್ತಾರು ಬಿಳಿ ಒಟ್ಟಾದಾಗ ಏನು ಮಾಡಿದೆ ಅನ್ನುವುದು ಬೇರೆಯೇ ಕಥೆ, ಬಿಳಿಗೆ ಸಕ್ಕರೆ ಹಾಕಿ ಕಡೆದು ಒಣಗಿಸುವ ಮೆರಾಂಗ್ ಮಾಡಲು ಹೋಗಿ, ಏನೂ ಒಣಗದ ಮಳೆ ದಿನ ಸಿಕ್ಕಿಬಿದ್ದೆ.

ಬೆಣ್ಣೆ ವಿಷಯಕ್ಕೆ ಬರೋಣ. ಎಣ್ಣೆ ಹಾಕಿದರೆ ಕೆಲಸ ಸುಲಭ, ಅಗ್ಗ, ಕುಕ್ಕಿ ಮೆತ್ತಗೂ ಇರುತ್ತದೆ. ಆದರೆ ರುಚಿ ಬಾಕ್ಸಿನದೇ. ಸುಮ್ಮನೆ ಕರಗಿಸಿದ ಬೆಣ್ಣೆ ಹಾಕಿದರೆ ಅದರ ನೀರೂ ಹಿಟ್ಟಿಗೆ ಸೇರುತ್ತದೆ. ನೂರು ಗ್ರಾಂ ಬೆಣ್ಣೆಯಲ್ಲಿ ಹದಿನೈದು ಹದಿನಾರು ಗ್ರಾಂ ನೀರೇ ಅಲ್ವಾ. ಅದಕ್ಕೆ ನಾನು ಬೆಣ್ಣೆಯನ್ನು ತಳದ ಕೆನೆ ಕಂದಾಗುವವರೆಗೆ ಕಾಯಿಸುತ್ತೇನೆ. 110 ಗ್ರಾಂ ಇಟ್ಟರೆ ತೊಂಬತ್ತರ ಆಸುಪಾಸು ಉಳಿಯುತ್ತದೆ. ನೀರು ಹೋಯಿತು, ಹುರಿದ ಕಾಯಿಯಂಥ ಘಮ ಬಂತು. ಒಂದು ಸಲ ಫೋನ್ ಎತ್ತಿ ಒಂದೇ ನಿಮಿಷ ಮಾತಾಡಿದೆ, ಅಷ್ಟರಲ್ಲಿ ಬೆಣ್ಣೆ ಸೀದು ಕಪ್ಪಾಯಿತು. ಎಸೆಯಲು ಮನಸ್ಸಾಗದೆ ಹಾಗೇ ಹಾಕಿದೆ. ತಪ್ಪು. ಬೆಣ್ಣೆಯ ಜೊತೆ ಬಾಕ್ಸೂ ಹೋಯಿತು.

ಮಸಾಲೆ ಹಾಕುವ ಜಾಗವೂ ಈ ಬೆಣ್ಣೆಯೇ. ಮೊದಮೊದಲು ಎಲ್ಲರ ಹಾಗೆ ಪುಡಿಗಳನ್ನು ಒಣ ಮಿಕ್ಸ್‌ಗೆ ಬೆರೆಸುತ್ತಿದ್ದೆ. ತಿಂದರೆ ಬಾಯಲ್ಲಿ ಧೂಳು ಧೂಳು, ಮಸಾಲೆ ಬೇರೆ ಕುಕ್ಕಿ ಬೇರೆ. ಈಗ ಒಲೆ ಆರಿಸಿದ ತಕ್ಷಣ ಬಿಸಿ ಬೆಣ್ಣೆಗೆ ಪುಡಿ ಉದುರಿಸಿ ಕೈಯಾಡಿಸುತ್ತೇನೆ. ಅರ್ಧ ನಿಮಿಷ ನೊರೆ ಬರುತ್ತದೆ, ಮನೆ ತುಂಬ ವಾಸನೆ. ಅಷ್ಟೇ ಸಾಕು. ಒಲೆ ಉರಿಯುತ್ತಿರುವಾಗ ಹಾಕಿದರೆ ಚಕ್ಕೆ ಪುಡಿ ಸೀದು ಕಹಿಯಾಗುತ್ತದೆ, ಹುಷಾರು. ಮೊಟ್ಟೆ ಸೇರಿಸುವ ಮುಂಚೆ ಬೆರಳಿಟ್ಟು ನೋಡಿ, ಬೆಚ್ಚಗಿದ್ದರೆ ಸರಿ. ಸುಡುತ್ತಿದ್ದರೆ ಮೊಟ್ಟೆ ಬೆಂದು ಎಳೆ ಎಳೆಯಾಗುತ್ತದೆ. ಅದನ್ನೂ ಒಂದು ಸಲ ಮಾಡಿ ಮುಗಿಸಿದ್ದೇನೆ.

ಪ್ರಮಾಣ ಕೇಳುವವರಿಗೆ, ನನ್ನ ನೆನಪಿನಂತೆ ಒಂದು 432ರ ಬಾಕ್ಸಿಗೆ ಚಕ್ಕೆ ಪುಡಿ ಎರಡು ಟೀ ಚಮಚ, ಒಣಶುಂಠಿ ಪುಡಿ ಒಂದೂವರೆ, ಜಾಯಿಕಾಯಿ ಕಾಲು, ಲವಂಗ ಕಾಲಿಗಿಂತ ಒಂದು ಚಿಟಿಕೆ ಕಡಿಮೆ. ಕಾಳುಮೆಣಸು ಎರಡು ಚಿಟಿಕೆ, ಹೊಸದಾಗಿ ಕುಟ್ಟಿದ್ದು. ಅರ್ಧ ಟೀ ಚಮಚ ಉಪ್ಪು ಮರೆಯಬೇಡಿ, ಮಿಕ್ಸ್ ಮೊದಲೇ ಸಿಹಿ ಜಾಸ್ತಿ. ಆರನೆಯದೊಂದು ಇದೆ, ಬಾಕ್ಸಿನ ಆ ಕೃತಕ ವೆನಿಲಾ ವಾಸನೆ ಮುಚ್ಚುವುದು ಅದೇ. ಅದನ್ನು ಹೇಳುವುದಿಲ್ಲ. ಮಸಾಲೆಯಲ್ಲ, ಎಲ್ಲರ ಅಡುಗೆಮನೆಯಲ್ಲೂ ಇರುವ ವಸ್ತು, ಕಾಲು ಚಮಚಕ್ಕಿಂತ ಹೆಚ್ಚು ಬೇಡ ಅಂತ ಮಾತ್ರ ಹೇಳಬಲ್ಲೆ. ಅತ್ತಿಗೆಗೂ ಹೇಳಿಲ್ಲ. ಅವರು ಮೂಸಿ ಮೂಸಿ ನೋಡಿದರು.

ಲವಂಗದ ಬಗ್ಗೆ ಒಂದು ಮಾತು. ಒಮ್ಮೆ ಮಾತಿನ ಭರದಲ್ಲಿ ಕಾಲು ಚಮಚದ ಬದಲು ಒಂದು ಚಮಚ ಬಿತ್ತು. ಕುಕ್ಕಿ ನೋಡಲು ಚಂದ. ತಿಂದವರ ನಾಲಿಗೆ ಮರಗಟ್ಟಿತು. ಲವಂಗದ ಯೂಜಿನಾಲ್ ಅನ್ನುವ ಎಣ್ಣೆಯ ಗುಣವೇ ಅದು. ಹಲ್ಲಿನ ಡಾಕ್ಟರು ನೋವಿಗೆ ಬಳಸುವುದೂ ಅದನ್ನೇ. ಎರಡು ದಿನ ಕಳೆದರೆ ಕಡಿಮೆಯಾಗಬಹುದು ಅಂತ ಕಾದೆ. ಕಡಿಮೆಯಾಗುವ ಬದಲು ಇನ್ನೂ ಜೋರಾಯಿತು. ಮಸಾಲೆ ಕುಕ್ಕಿ ಮಾರನೆಯ ದಿನಕ್ಕೇ ರುಚಿ ಹೆಚ್ಚು ಅನ್ನುವುದು ಈ ಒಬ್ಬೆಗೂ ಅನ್ವಯಿಸಿತು, ನನ್ನ ದುರದೃಷ್ಟ.

ಚಕ್ಕೆಯಲ್ಲೂ ಎರಡು ಜಾತಿ. ದಪ್ಪ ತೊಗಟೆಯ ಕ್ಯಾಸಿಯಾ ಖಾರ, ಒರಟು. ಹಾಳೆ ಹಾಳೆಯಾಗಿ ಸುತ್ತಿಕೊಂಡ ಸಿಲೋನ್ ಚಕ್ಕೆ ಮೆದು, ಸಿಹಿ. ದುಬಾರಿ ಚಕ್ಕೆ ಹಾಕಿದರೆ ಕುಕ್ಕಿಯೂ ಮೇಲು ಅಂದುಕೊಂಡು ಒಂದು ಒಬ್ಬೆ ಪೂರ್ತಿ ಸಿಲೋನ್‌ನಲ್ಲಿ ಮಾಡಿದೆ. ಬಾಕ್ಸಿನ ಸಕ್ಕರೆಯ ಮುಂದೆ ಅದು ಉಸಿರೇ ಎತ್ತಲಿಲ್ಲ. ಈ ಕೆಲಸಕ್ಕೆ ಕ್ಯಾಸಿಯಾನೇ ಸರಿ. ಒಳ್ಳೆಯದನ್ನು ಬೇರೆ ಯಾವುದಕ್ಕಾದರೂ ಇಟ್ಟುಕೊಳ್ಳಿ.

ಇನ್ನು ದುಡ್ಡು. ನಾನು ಎಲ್ಲವನ್ನೂ ಬಾಕ್ಸ್ ಲೆಕ್ಕದಲ್ಲೇ ಎಣಿಸುವುದು, ಯಾಕಂದರೆ ಬೆಲೆ ಊರೂರಿಗೆ ಬೇರೆ, ಬಾಕ್ಸ್ ಮಾತ್ರ ಎಲ್ಲ ಕಡೆ ಬಾಕ್ಸೇ. ಒಂದು ಒಬ್ಬೆಗೆ ಬಾಕ್ಸ್ ಒಂದು. ಬೆಣ್ಣೆಗೆ ಮುಕ್ಕಾಲು ಬಾಕ್ಸಿನಷ್ಟು ದುಡ್ಡು. ಮೊಟ್ಟೆ, ಮೊಲಾಸಿಸ್, ಸಕ್ಕರೆ ಎಲ್ಲ ಸೇರಿ ಕಾಲು ಬಾಕ್ಸ್. ಮಸಾಲೆ ಸಣ್ಣ ಶೀಷೆಯಲ್ಲಿ ಕೊಂಡರೆ ಅಯ್ಯೋ ಅನ್ನಬೇಕು, ಮೊದಲ ವರ್ಷ ಐದು ಶೀಷೆಗೆ ಏಳು ಬಾಕ್ಸಿನ ದುಡ್ಡು ಹೋಯಿತು. ಇಡಿಯಾಗಿ ತೂಕಕ್ಕೆ ತಂದು ಮನೆಯಲ್ಲೇ ಪುಡಿ ಮಾಡಿದ ಮೇಲೆ ಒಬ್ಬೆಗೆ ಬಾಕ್ಸಿನ ಹತ್ತನೇ ಒಂದು ಭಾಗವೂ ಬೀಳುವುದಿಲ್ಲ. ಒಟ್ಟು ಎರಡು ಬಾಕ್ಸಿಗೆ ಸ್ವಲ್ಪ ಮೇಲೆ. ಪ್ಯಾಕಿಂಗ್ ಸೇರಿಸಿದರೆ ಎರಡೂವರೆ. ನಾನು ಹನ್ನೆರಡರ ಡಬ್ಬಿಯನ್ನು ಮೂರೂವರೆ ಬಾಕ್ಸಿನ ಬೆಲೆಗೆ ಕೊಡುತ್ತೇನೆ. ಒಬ್ಬೆಗೆ ಎರಡೂವರೆ ಡಬ್ಬಿ, ಅಂದರೆ ಎಂಟೂಮುಕ್ಕಾಲು. ಉಳಿಯುವುದು ಆರು ಬಾಕ್ಸಿನ ಹತ್ತಿರ. ಕರೆಂಟು, ನನ್ನ ಕೂಲಿ ಲೆಕ್ಕ ಹಾಕಿಲ್ಲ, ಹಾಕಿದರೆ ಬೇಜಾರಾಗುತ್ತದೆ.

ಮೈದಾದಿಂದಲೇ ಮಾಡಿದರೆ ಅಗ್ಗ ಅಲ್ವಾ ಅಂತ ಕೇಳುತ್ತೀರಿ. ಹೌದು, ಸಾಮಾನಿನ ಲೆಕ್ಕದಲ್ಲಿ ಅರ್ಧ ಬಾಕ್ಸ್ ಉಳಿಯುತ್ತದೆ. ಆದರೆ ರಜೆಯ ವಾರ ದಿನಕ್ಕೆ ನಾಲ್ಕು ಒಬ್ಬೆ ಎಳೆಯುವಾಗ ಆರು ಸಾಮಾನು ತೂಗುವುದೂ ಒಂದನ್ನು ತೂಗುವುದೂ ಒಂದೇ ಅಲ್ಲ. ಕೆಲಸಕ್ಕೆ ಹೋಗಿ ಬಂದು ಸಂಜೆ ಏಳಕ್ಕೆ ಶುರು ಮಾಡುವವರಿಗೆ ಈ ಲೆಕ್ಕ ಅರ್ಥವಾಗುತ್ತದೆ.

ಮಹಾ ಪೆಟ್ಟು ತಿಂದದ್ದು ಮಾತ್ರ ಅಗ್ಗದ ಆಸೆಗೆ. ಎರಡನೆಯ ವರ್ಷ ಒಂದು ಅಂಗಡಿಯಲ್ಲಿ ದಿನ ಮೀರುತ್ತಾ ಬಂದ ಬಾಕ್ಸ್‌ಗಳನ್ನು ಅರ್ಧ ಬೆಲೆಗೆ ಇಟ್ಟಿದ್ದರು. ಹದಿನಾಲ್ಕು ಹೊತ್ತು ತಂದೆ. ಗೆದ್ದೆ ಅಂತ ಮನೆಯಲ್ಲಿ ಹೇಳಿಕೊಂಡೆ. ಡಿಸೆಂಬರ್ ಬರುವಷ್ಟರಲ್ಲಿ ದಿನಾಂಕ ಮೀರಿ ಐದು ತಿಂಗಳಾಗಿತ್ತು. ಕುಕ್ಕಿ ಏಳಲೇ ಇಲ್ಲ, ಬಿಲ್ಲೆಯ ಹಾಗೆ ಮಲಗಿಕೊಂಡವು. ಒಳಗಿನ ಸೋಡಾ, ಬೇಕಿಂಗ್ ಪೌಡರಿನ ಶಕ್ತಿ ಮುಗಿದಿತ್ತು. ಆರು ಬಾಕ್ಸ್ ಹೀಗೆ ಹಾಳಾದ ಮೇಲೆ ಬುದ್ಧಿ ಬಂತು. ಉಳಿದ ಎಂಟಕ್ಕೆ ತಲಾ ಅರ್ಧ ಟೀ ಚಮಚ ಹೊಸ ಅಡುಗೆ ಸೋಡಾ ಹಾಕಿದೆ. ಮೊಲಾಸಿಸ್‌ನಲ್ಲಿ ಸ್ವಲ್ಪ ಹುಳಿ ಇರುತ್ತದೆ, ಸೋಡಾ ಅದರ ಜೊತೆ ಕೆಲಸ ಮಾಡಿತು. ಎದ್ದವು, ಬಣ್ಣವೂ ಗಾಢವಾಯಿತು. ಎಷ್ಟು ಚೆನ್ನಾಗಿ ಬಂತೆಂದರೆ ಈಗ ಹೊಸ ಬಾಕ್ಸಿಗೂ ಒಂದು ಚಿಟಿಕೆ ಸೋಡಾ ಹಾಕುತ್ತೇನೆ. ಜಾಸ್ತಿ ಹಾಕಿದರೆ ಸಾಬೂನಿನ ರುಚಿ ಬರುತ್ತದೆ, ಚಿಟಿಕೆ ಅಂದರೆ ಚಿಟಿಕೆ.

ಪುಡ್ಡಿಂಗ್ ಸೇರಿಸಿದ ಮಿಕ್ಸ್ ಅಂತಲೂ ಬರುತ್ತದೆ. ಕೇಕಿಗೆ ಚೆನ್ನ. ಕುಕ್ಕಿಗೆ ಹಿಟ್ಟು ಅಂಟಂಟು, ಇನ್ನೆರಡು ಚಮಚ ಮೈದಾ ಕೇಳುತ್ತದೆ. ನಾನು ದೂರ ಇಡುತ್ತೇನೆ.

ಹಿಟ್ಟು ಕಲಸುವುದಕ್ಕೆ ಮಿಕ್ಸರ್ ಬೇಡ, ಮರದ ಸೌಟು ಸಾಕು. ಒಣ ಪುಡಿ ಕಾಣೆಯಾದ ಕೂಡಲೇ ನಿಲ್ಲಿಸಿ. ಮೊದಲು ಇದು ಸೇರುವುದೇ ಇಲ್ಲವೇನೋ ಅನ್ನಿಸುವಷ್ಟು ಪುಡಿಪುಡಿಯಾಗಿ ಇರುತ್ತದೆ. ನೀರು ಹಾಕಲು ಕೈ ತುರಿಸುತ್ತದೆ. ಹಾಕಬೇಡಿ. ಎರಡು ನಿಮಿಷ ಕೈಯಲ್ಲಿ ಒತ್ತಿದರೆ ತಾನಾಗೇ ಒಂದಾಗುತ್ತದೆ. ಆಮೇಲೆ ಮುಚ್ಚಿ ಫ್ರಿಜ್‌ನಲ್ಲಿ ಕನಿಷ್ಠ ಒಂದೂವರೆ ಗಂಟೆ. ರಾತ್ರಿಯಿಡೀ ಇಟ್ಟರೆ ಇನ್ನೂ ಉತ್ತಮ, ಮಸಾಲೆ ಹಿಟ್ಟಿಗೆ ಇಳಿಯುತ್ತದೆ.

ಇಲ್ಲೊಂದು ಗಂಭೀರ ಮಾತು. ಮನೆಯ ಮಕ್ಕಳು ಹಸಿ ಹಿಟ್ಟು ನೆಕ್ಕಲು ಕಾಯುತ್ತಿರುತ್ತಾರೆ. ಮೊಟ್ಟೆ ಹಾಕದಿದ್ದರೆ ಪರವಾಗಿಲ್ಲ ಅಂತ ನಾನೂ ಬಿಡುತ್ತಿದ್ದೆ. ಆದರೆ ಮಿಕ್ಸಿನ ಮೈದಾನೇ ಹಸಿ, ಅದರಲ್ಲೂ ರೋಗಾಣು ಇರಬಹುದು. 2021ರಲ್ಲಿ ಅಮೆರಿಕದಲ್ಲಿ ಹದಿನಾರು ಜನಕ್ಕೆ ಇ. ಕೊಲೈ ಸೋಂಕು ಬಂದಾಗ ಅಲ್ಲಿನ ಆರೋಗ್ಯ ಇಲಾಖೆ ಬೊಟ್ಟು ಮಾಡಿದ್ದು ಕೇಕ್ ಮಿಕ್ಸಿನ ಕಡೆಗೇ. ಅವರಲ್ಲಿ ಹೆಚ್ಚಿನವರು ಮಕ್ಕಳು. ಓದಿದ ಮೇಲೆ ನಮ್ಮ ಮನೆಯಲ್ಲಿ ಸೌಟು ನೇರವಾಗಿ ಸಿಂಕಿಗೆ ಹೋಗುತ್ತದೆ. ಮಗಳು ಈಗಲೂ ಮುನಿಸಿಕೊಳ್ಳುತ್ತಾಳೆ.

ಉಂಡೆ ತಲಾ ಇಪ್ಪತ್ತು ಗ್ರಾಂ. ಒಂದನ್ನು ತೂಗಿ ನೋಡಿ, ಮಿಕ್ಕವು ಕೈಗೇ ಗೊತ್ತಾಗುತ್ತವೆ. ಹೊರಗೆ ಬಿಳಿ ಬಿರುಕು ಬರಬೇಕು ಅಂದರೆ ಐಸಿಂಗ್ ಶುಗರಿನಲ್ಲಿ, ಅಂದರೆ ನುಣ್ಣಗೆ ಪುಡಿ ಮಾಡಿದ ಸಕ್ಕರೆಯಲ್ಲಿ, ಹೊರಳಿಸಬೇಕು, ಅದು ಎಲ್ಲರಿಗೂ ಗೊತ್ತು. ಆದರೆ ಬೇಯುವಾಗ ಸಕ್ಕರೆ ಕರಗಿ ಬೂದು ಬೂದಾಗುವುದು ನನಗೆ ತಲೆನೋವಾಗಿತ್ತು. ಪರಿಹಾರ ಸುಲಭ. ಮೊದಲು ಸಾದಾ ಹರಳು ಸಕ್ಕರೆಯಲ್ಲಿ ಹೊರಳಿಸಿ, ಆಮೇಲೆ ಐಸಿಂಗ್ ಶುಗರಿನಲ್ಲಿ ದಪ್ಪಗೆ. ಹರಳು ಸಕ್ಕರೆ ನಡುವೆ ತಡೆಯಾಗಿ ನಿಲ್ಲುತ್ತದೆ, ಮೇಲಿನದು ಬೆಳ್ಳಗೇ ಉಳಿಯುತ್ತದೆ. ಉಂಡೆ ತಣ್ಣಗಿರುವಾಗಲೇ ಓವನ್‌ಗೆ ಹೋಗಬೇಕು. ಉಂಡೆಯನ್ನು ಒತ್ತಬೇಡಿ, ತಾನೇ ಇಳಿದು ಬಿರಿಯುತ್ತದೆ.

ಓವನ್ 175 ಡಿಗ್ರಿ, ಹತ್ತು ನಿಮಿಷ. ನನ್ನ ಓವನ್ನಿನ ಗುಂಡಿ 175 ತೋರಿಸಿದರೆ ಒಳಗೆ ಸುಮಾರು ಇನ್ನೂರು ಇರುತ್ತಿತ್ತು. ಒಂದು ಸಣ್ಣ ಓವನ್ ಥರ್ಮಾಮೀಟರ್ ತಂದು ನೇತುಹಾಕಿದ ಮೇಲೆ ಗೊತ್ತಾಯಿತು. ಒಂದು ಬಾಕ್ಸಿನ ದುಡ್ಡು, ಮೊದಲೇ ತಂದಿದ್ದರೆ ಮೂರು ಬಾಕ್ಸ್ ಉಳಿಯುತ್ತಿತ್ತು. ಅಂಚು ಗಟ್ಟಿಯಾಗಿ ನಡುವೆ ಇನ್ನೂ ಹಸಿ ಅನ್ನಿಸುವಾಗಲೇ ತೆಗೆಯಿರಿ. ಟ್ರೇ ಮೇಲೆ ಐದು ನಿಮಿಷ ಬಿಟ್ಟರೆ ಅದರ ಬಿಸಿಗೇ ಬೇಯುತ್ತದೆ. ಪೂರ್ತಿ ಬೆಂದ ಮೇಲೆ ತೆಗೆದರೆ ತಣ್ಣಗಾದಾಗ ರಸ್ಕ್. ಕಪ್ಪು ಟ್ರೇ ತಳ ಸೀಯಿಸುತ್ತದೆ, ಬಿಳಿ ಅಲ್ಯೂಮಿನಿಯಂ ಒಳ್ಳೆಯದು. ಸಿಲಿಕೋನ್ ಶೀಟ್ ಮೇಲೆ ಜಾಸ್ತಿ ಹರಡುತ್ತದೆ, ಬೇಕಿಂಗ್ ಪೇಪರೇ ನನಗೆ ಹಿಡಿಸಿತು.

ನಡುನಡುವೆ ಬೇರೆ ಬೇರೆ ಪ್ರಯೋಗಗಳಿಗೂ ಕೈ ಹಾಕಿದೆ. ಬೇಯಿಸಿ ಅರೆದ ಕುಂಬಳಕಾಯಿ ಪ್ಯೂರಿ ಒಂದು ಡಬ್ಬಿ, ಮೊದಲೇ ಮಸಾಲೆ ಬೆರೆಸಿದ ಸ್ಪೈಸ್ ಕೇಕ್ ಮಿಕ್ಸ್ ಒಂದು ಬಾಕ್ಸ್, ಎರಡೇ ಸಾಮಾನಿನ ಕುಕ್ಕಿ ಅಂತ ಬಹಳ ಜನ ಹೊಗಳುತ್ತಾರೆ. ಮಾಡಿದೆ. ಮಫಿನ್ನಿನ ತಲೆ ಕತ್ತರಿಸಿಟ್ಟ ಹಾಗಿತ್ತು. ತಿನ್ನಲು ಚೆನ್ನ, ಕುಕ್ಕಿ ಅಲ್ಲ. ಮಾರನೆಯ ದಿನಕ್ಕೆ ಮೇಲ್ಮೈ ಅಂಟಂಟಾಯಿತು. ಕೇಕ್ ಮೇಲೆ ಹಾಕುವ ಕ್ರೀಮಿನಂಥ ವಿಪ್ಡ್ ಟಾಪಿಂಗ್ ಮತ್ತು ಒಂದು ಮೊಟ್ಟೆ ಹಾಕಿ ಮಾಡುವುದೂ ಒಂದು ದಾರಿ. ಹಗುರವಾಗಿ ಬರುತ್ತದೆ, ಆದರೆ ಆ ಹಿಟ್ಟನ್ನು ಕೈಯಲ್ಲಿ ಮುಟ್ಟುವುದೇ ಒಂದು ಶಿಕ್ಷೆ, ಬೆರಳಿಗೆ ಗೋಂದು ಮೆತ್ತಿದ ಹಾಗೆ. ಚಾಕೊಲೇಟ್ ಮಿಕ್ಸ್‌ಗೆ ಚಕ್ಕೆ, ಒಂದು ಚಿಟಿಕೆ ಖಾರದ ಪುಡಿ, ಒಂದು ಚಮಚ ಇನ್‌ಸ್ಟಂಟ್ ಕಾಫಿ ಪುಡಿ ಹಾಕಿದ್ದು ಮಾತ್ರ ಗೆದ್ದಿತು. ಅದಕ್ಕೆ ಮೊಲಾಸಿಸ್ ಬೇಡ. ಈ ವರ್ಷ ಅದನ್ನೂ ಮಾರುವ ಯೋಚನೆ ಇದೆ.

ನೇರವಾಗಿ ಸ್ಪೈಸ್ ಕೇಕ್ ಮಿಕ್ಸೇ ತಂದರೆ ಆಗದೇ ಅಂತ ಕೇಳುವವರಿದ್ದಾರೆ. ಆಗುತ್ತದೆ. ಆದರೆ ಅದರ ಮಸಾಲೆ ಕೇಕಿಗೆ ಹೊಂದಿಸಿದ್ದು, ಕುಕ್ಕಿಗೆ ಸಪ್ಪೆ. ಹೇಗೂ ಮತ್ತೆ ಮಸಾಲೆ ಹಾಕಲೇಬೇಕು. ಅದಕ್ಕಿಂತ ಸಾದಾ ಹಳದಿ ಕೇಕ್ ಮಿಕ್ಸ್ ತಂದು ನಮ್ಮ ಕೈ ಅಳತೆಯಲ್ಲಿ ಹಾಕುವುದೇ ವಾಸಿ.

ಸೋತ ಪ್ರಯೋಗಗಳಲ್ಲಿ ದೊಡ್ಡದು ಶುಂಠಿ ಹಾಕಿ ಮಾಡುವ ಜಿಂಜರ್‌ಬ್ರೆಡ್ ಗೊಂಬೆ. ಹಿಟ್ಟನ್ನು ಲಟ್ಟಿಸಿ ಮನುಷ್ಯಾಕಾರದ ಅಚ್ಚಿನಲ್ಲಿ ಕತ್ತರಿಸಿ ಬೇಯಿಸಿದೆ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಕೈಕಾಲು ಉಬ್ಬಿ ಹೊಟ್ಟೆಗೆ ಸೇರಿಕೊಂಡವು. ಕೇಕ್ ಮಿಕ್ಸಿನಲ್ಲಿ ಉಬ್ಬಿಸುವ ಸಾಮಾನು ಕೇಕಿಗೆ ಬೇಕಾದಷ್ಟು ಇರುತ್ತದೆ, ಅದನ್ನು ತೆಗೆಯಲು ಬರುವುದಿಲ್ಲ. ಜೊತೆಗೆ ಆ ಮೈದಾನೂ ಕೇಕಿಗೆ ಅಂತ ಮೆದುವಾದದ್ದು, ಆಕಾರ ಹಿಡಿದಿಡುವ ಕಸುವು ಇಲ್ಲ. ಎಪ್ಪತ್ತು ಗ್ರಾಂ ಮೈದಾ ಸೇರಿಸಿ, ಕತ್ತರಿಸಿದ ಗೊಂಬೆಗಳನ್ನು ಕಾಲು ಗಂಟೆ ಫ್ರೀಜರಿನಲ್ಲಿಟ್ಟು ಬೇಯಿಸಿದಾಗ ಮನುಷ್ಯ ಅಂತ ಗುರುತು ಸಿಕ್ಕಿತು. ಅಂಚು ಮಾತ್ರ ಚೂಪಾಗಲಿಲ್ಲ. ಗೊಂಬೆ ಬೇಕಾದವರು ಮೈದಾದಿಂದಲೇ ಮಾಡಿ. ಇದನ್ನು ಅತ್ತಿಗೆ ಎದುರಿಗೆ ಒಪ್ಪಿಕೊಂಡಾಗ ಅವರ ಮುಖ ನೋಡಬೇಕಿತ್ತು.

ಅವರಿಗೆ ತಿರುಗೇಟು ಕೊಡಲು ನನಗೊಂದು ಹಳೆಯ ಸಂಗತಿ ಸಿಕ್ಕಿತ್ತು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಡಫ್ ಅಂತ ಒಂದು ಮೊಲಾಸಿಸ್ ಕಂಪನಿ ಇತ್ತು. 1930ರ ಸುಮಾರಿಗೆ ಮೊಲಾಸಿಸ್ ಉಳಿದುಹೋಗುತ್ತಿದ್ದಾಗ ಅದನ್ನು ಮೈದಾ ಜೊತೆ ಒಣಗಿಸಿ ಪುಡಿ ಮಾಡಿ, ಶುಂಠಿ ಚಕ್ಕೆ ಬೆರೆಸಿ ಜಿಂಜರ್‌ಬ್ರೆಡ್ ಮಿಕ್ಸ್ ತಯಾರಿಸಿದರು. 1933ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅಂದರೆ ಕೇಕ್ ಮಿಕ್ಸ್ ಅನ್ನುವ ವಸ್ತು ಶುರುವಾದದ್ದೇ ಮಸಾಲೆ, ಮೊಲಾಸಿಸ್ ಜೊತೆಗೆ. ವೆನಿಲಾ, ಚಾಕೊಲೇಟ್ ಎಲ್ಲ ಆಮೇಲೆ ಬಂದ ನೆಂಟರು. ಅದರಲ್ಲಿ ಮೊಟ್ಟೆಯೂ ಪುಡಿಯಾಗೇ ಇತ್ತು, ಬರೀ ನೀರು ಹಾಕಿದರೆ ಸಾಕಿತ್ತು. ಎರಡು ವರ್ಷದ ಮೇಲೆ ಅದೇ ಕಂಪನಿ ಹೊಸ ಪೇಟೆಂಟಿನಲ್ಲಿ, ಹೆಂಗಸರಿಗೆ ತಾಜಾ ಮೊಟ್ಟೆ ಹಾಕುವುದೇ ಇಷ್ಟ ಅಂತ ಪುಡಿ ಮೊಟ್ಟೆಯನ್ನು ಕೈಬಿಟ್ಟಿತು. ಇದನ್ನೆಲ್ಲ ಹೇಳಿದೆ. "ಆಯ್ತು ಬಿಡಪ್ಪ, ಆ ಕಾಲದಲ್ಲೂ ನಿನ್ನಂಥ ಸೋಮಾರಿಗಳು ಇದ್ರು ಅಂತಾಯ್ತು" ಅಂದರು.

ಪ್ಯಾಕಿಂಗ್‌ನಲ್ಲಿ ಕಲಿತದ್ದು ಎರಡೇ. ಬಿಸಿ ಇರುವಾಗ ಡಬ್ಬಿಗೆ ಹಾಕಿದರೆ ಐಸಿಂಗ್ ಶುಗರ್ ಬೆವೆತು ಕಲೆ ಕಲೆಯಾಗುತ್ತದೆ. ಕನಿಷ್ಠ ಎರಡು ಗಂಟೆ ಆರಲು ಬಿಡಿ. ಇನ್ನೊಂದು, ಗರಿಗರಿ ಕುಕ್ಕಿಯ ಜೊತೆ ಇದನ್ನು ಒಂದೇ ಡಬ್ಬಿಯಲ್ಲಿ ಇಡಬೇಡಿ. ಇದರ ತೇವ ಅದಕ್ಕೆ ಹೋಗಿ ಎರಡೂ ಕೆಡುತ್ತವೆ. ಮೊದಲ ವರ್ಷ ದೂರದ ನೆಂಟರಿಗೆ ಪಾರ್ಸೆಲ್ ಕಳಿಸಿದಾಗ ಅರ್ಧ ಪುಡಿಯಾಗಿ ತಲುಪಿತು. ಅವರು ಪಾಪ, ಐಸ್‌ಕ್ರೀಮ್ ಮೇಲೆ ಉದುರಿಸಿಕೊಂಡು ತಿಂದೆವು ಅಂದರು. ಈಗ ಎರಡೆರಡನ್ನು ಬೆನ್ನಿಗೆ ಬೆನ್ನು ಸೇರಿಸಿ ಪೇಪರಿನಲ್ಲಿ ಸುತ್ತಿ, ಅಲುಗಾಡದ ಹಾಗೆ ಒತ್ತಾಗಿ ತುಂಬುತ್ತೇನೆ. ಆರು ದಿನ ಮೆತ್ತಗೇ ಇರುತ್ತದೆ, ಏಳನೆಯ ದಿನದಿಂದ ಇಳಿಮುಖ.

ದುಡ್ಡಿನ ದೃಷ್ಟಿಯಿಂದ ನಿಜವಾಗಿ ಕೈ ಹಿಡಿದದ್ದು ಫ್ರೀಜರ್. ನವೆಂಬರ್ ಕೊನೆಗೆ, ಆರ್ಡರ್ ಇಲ್ಲದ ದಿನಗಳಲ್ಲಿ, ಹನ್ನೆರಡು ಬಾಕ್ಸಿನ ಉಂಡೆ ಕಟ್ಟಿ ಟ್ರೇ ಮೇಲೆ ಹೆಪ್ಪುಗಟ್ಟಿಸಿ ಚೀಲಗಳಿಗೆ ತುಂಬಿದೆ. ಸಕ್ಕರೆಯಲ್ಲಿ ಹೊರಳಿಸುವುದು ಬೇಯಿಸುವ ದಿನವೇ, ಮೊದಲೇ ಹಚ್ಚಿದರೆ ಒದ್ದೆಯಾಗುತ್ತದೆ. ಫ್ರೀಜರಿನಿಂದ ತೆಗೆದು ಹತ್ತು ನಿಮಿಷ ಹೊರಗಿಟ್ಟರೆ ಸಕ್ಕರೆ ಹಿಡಿಯುತ್ತದೆ, ಬೇಯಲು ಒಂದೆರಡು ನಿಮಿಷ ಹೆಚ್ಚು. ಕ್ರಿಸ್ಮಸ್ ಹಿಂದಿನ ಸಂಜೆ ಒಬ್ಬರು ಬಾಗಿಲು ತಟ್ಟಿ ಐದು ಡಬ್ಬಿ ಬೇಕು ಅಂದರು. ಅರ್ಧ ಗಂಟೆ ಕೂತುಕೊಳ್ಳಿ ಅಂದೆ. ಕೈಗೆ ಡಬ್ಬಿ ಬರುವಷ್ಟರಲ್ಲಿ ಒಂದೂಮುಕ್ಕಾಲು ಗಂಟೆಯಾಯಿತು, ಯಾಕಂದರೆ ನನ್ನ ಓವನ್‌ಗೆ ಒಮ್ಮೆಗೆ ಹನ್ನೆರಡೇ ಹಿಡಿಯುವುದು. ಆರಲು ಬಿಡಲೂ ಪುರುಸೊತ್ತಿರಲಿಲ್ಲ. ಸಕ್ಕರೆ ಬೆವರುತ್ತದೆ, ಮನೆಗೆ ಹೋಗಿ ಮುಚ್ಚಳ ತೆಗೆದಿಡಿ ಅಂತ ಹೇಳಿ ಕಳಿಸಿದೆ. ಅವರು ಅಷ್ಟು ಹೊತ್ತೂ ಕಾದು, ಬಿಸಿ ಬಿಸಿ ನಾಲ್ಕು ತಿಂದು, ಆರನೆಯ ಡಬ್ಬಿಯೂ ಹೇಳಿ ಹೋದರು.

ಈ ವರ್ಷಕ್ಕೆ ಮೂವತ್ತು ಬಾಕ್ಸ್ ಈಗಾಗಲೇ ತಂದಿಟ್ಟಿದ್ದೇನೆ. ಎಲ್ಲದರ ದಿನಾಂಕ ನೋಡಿಯೇ ತಂದದ್ದು. ಆದರೂ ನಿನ್ನೆ ಒಂದನ್ನು ತಕ್ಕಡಿಗೆ ಹಾಕಿ ನೋಡಿದೆ, ಹೊಸ ಬಾಕ್ಸ್ ಇನ್ನೂ ಇಳಿದಿದೆಯೋ ಏನೋ ಅಂತ. ಸದ್ಯಕ್ಕೆ 432 ಸರಿಯಾಗಿ ಇದೆ.